ಒಂದೂ ತೂತಿಲ್ಲದ ಸೂರಿನ ವಿಚಾರ

ಇಂದ,
ಆರ್ಡಿಸ್ ಟೊಲೆಫ್ಸನ್,
(ಲೋವೆಲ್ ಟೊಲೆಫ್ಸನ್ ಅವರ ಮಾಜಿ ಹೆಂಡತಿ, ಮನೆತನದ ಹೆಸರು ಮಾತ್ರ ಉಳಿಸಿಕೊಂಡವಳು)
ಶಾಲಾ ಕಚೇರಿಯ ನಿವೃತ್ತ ಗುಮಾಸ್ತೆ.
ಚಳಿಗಾಲದ ವಿಳಾಸ: ಅರಿಜೋನಾ ಮರುಭೂಮಿ, ಎರಡು ತೋಳಿನ ಕಳ್ಳಿಯ ಎಡಗಡೆ.
ಬೇಸಿಗೆಯ ವಿಳಾಸ: ತಂಗಿಯ ಮನೆಯ ಮಹಡಿ, ನಾರ್ಡ್‌ಬಿ, ನಾರ್ತ್ ಡಕೋಟ.

ಗೆ,
ಶ್ರೀಮತಿ ಜೆನೀವ್ ಓಸ್ಟ್‌ಬಿ ಅವರು,
ಸಂಧಾನಾಧಿಕಾರಿಗಳು, ಕುಟುಂಬ ರಾಜಿ ಕಚೇರಿ,
ಬೇಕರಿಯ ಮಹಡಿ ಮೇಲೆ, ನಾರ್ಡ್‌ಬಿ.

ವಿಷಯ: ಮೋಟಾರು ಮನೆಯ ಸೂರಿಗೆ ತೂತು ಕೊರೆಯದೆ ಸೌರಫಲಕ ಕೂರಿಸಿದ್ದರಿಂದ ಉದ್ಭವಿಸಿದ ಪರಿಸ್ಥಿತಿಯಲ್ಲಿ, ವಿಚ್ಛೇದನ ಒಪ್ಪಂದದ ಕಲಂ ಏಳನ್ನು ತಿದ್ದುಪಡಿ ಮಾಡಿಕೊಡುವ ಬಗ್ಗೆ.

ಉಲ್ಲೇಖ: (೧) ತಮ್ಮ ಸಮಕ್ಷಮದಲ್ಲಿ ಆದ ಸದರಿ ಒಪ್ಪಂದ. (೨) "ತಕರಾರೇನಿದ್ದರೂ ಅಂಕಿ ಹಾಕಿ ಬರೆದುಕೊಡಿ; ಭಾವನೆಗಳನ್ನು ಬರೆಯಬೇಡಿ" ಎಂಬ ತಮ್ಮ ಮೌಖಿಕ ಆದೇಶ. (೩) ಲೋವೆಲ್ ಅವರು ಸೂರಿನ ಮೇಲಿಂದ ತಮಗೆ ಫೋನಿನಲ್ಲಿ ಮಾಡಿದ ದೂರು, ಹಾಗೂ ಮಾರನೆಯ ದಿನ ಅದನ್ನು ಹಿಂತೆಗೆದುಕೊಂಡದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ: 'ನಾನು, ನಾನು' ಎಂದು ಬರೆಯಲು ಹೊರಟರೆ ಮೂರನೆಯ ಸಾಲಿಗೇ ಬೈಗುಳ ಬರುತ್ತದೆ, ಆದ್ದರಿಂದ ಹೊರಗಿನವಳ ಹಾಗೆ ನಿಂತು ಬರೆಯಿರಿ ಎಂದು ತಾವೇ ಹಿಂದೊಮ್ಮೆ ಸೂಚಿಸಿದ್ದಿರಿ. ಆ ಕಾರಣ ಇಲ್ಲಿ ಅರ್ಜಿದಾರಳನ್ನು ಆರ್ಡಿಸ್ ಎಂದೇ ಕರೆಯಲಾಗಿದೆ. ಮೋಟಾರು ಮನೆಯನ್ನು 'ಸದರಿ ವಾಹನ' ಎನ್ನಲಾಗಿದೆ. ಲೋವೆಲ್ ಅವರನ್ನು ಅವರ ಹೆಸರಿನಿಂದಲೇ ಕರೆಯಲಾಗಿದೆ. ಬೇರೆ ಹೆಸರುಗಳೂ ಇದ್ದವು, ಬಳಸಿಲ್ಲ.

೧. ಆರ್ಡಿಸ್ ಮತ್ತು ಲೋವೆಲ್ ಬೇರೆಯಾದಾಗ ಮನೆ ಮಾರಿದರು, ಪಾತ್ರೆಪಗಡ ಹಂಚಿಕೊಂಡರು, ನಾಯಿ ತಾನಾಗಿಯೇ ನೆರೆಮನೆಗೆ ಹೋಯಿತು. ಹಂಚಲಾಗದೆ ಉಳಿದದ್ದು ಸದರಿ ವಾಹನ ಒಂದೇ. ಒಲೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವ ಮನೆಯನ್ನು ಗರಗಸ ಹಿಡಿದು ಸೀಳುವಂತಿರಲಿಲ್ಲವಾದ ಕಾರಣ ತಾವು ವರ್ಷವನ್ನೇ ಸೀಳಿದಿರಿ. ಅಕ್ಟೋಬರಿನಿಂದ ಮಾರ್ಚಿನವರೆಗೆ ಆರ್ಡಿಸ್‌ಗೆ, ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಲೋವೆಲ್ ಅವರಿಗೆ. ಚಳಿಗಾಲದಲ್ಲಿ ಲೋವೆಲ್ ಅವರಿಗೆ ವಾಹನದ ಅಗತ್ಯವೇ ಇರಲಿಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ತಗಡಿನ ಗುಡಿಸಲು ಹಾಕಿಕೊಂಡು, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ಕೂರುವುದರಲ್ಲಿಯೇ ಅವರ ಚಳಿಗಾಲ ಮುಗಿಯುತ್ತದೆ.

೨. ಕೆರೆಗೇ ತೂತು ಕೊರೆಯುವ ಮನುಷ್ಯ ಸೂರನ್ನು ಬಿಟ್ಟಾರೆಯೇ. ಇದಕ್ಕೂ ಮೊದಲಿದ್ದ ಹಳೆಯ ವಾಹನದ ಸೂರಿಗೆ ಅವರು ಟಿವಿ ಆಂಟೆನಾಗೆಂದು, ಸೈಕಲ್ ಕಟ್ಟಲೆಂದು, ಬಾವುಟದ ಕಂಬಕ್ಕೆಂದು, ಕೊನೆಕೊನೆಗೆ ಏತಕ್ಕೆಂದು ತಮಗೇ ನೆನಪಿಲ್ಲದೆ ತೂತು ಕೊರೆದಿದ್ದರು. ಒಳಗಿನ ಮರ ಕೊಳೆಯಿತು. ಹಾಸಿಗೆಯ ಕೆಳಗೆ ಅಣಬೆ ಎದ್ದಿತು. ಮಳೆ ಬಂದಾಗ ಆರ್ಡಿಸ್ ಒಂದು ಕೈಯಲ್ಲಿ ಛತ್ರಿ ಹಿಡಿದು ಇನ್ನೊಂದು ಕೈಯಲ್ಲಿ ಪ್ಯಾನ್‌ಕೇಕ್ ಹುಯ್ದದ್ದುಂಟು. ಈ ಸಂಸಾರ ಮುರಿದದ್ದು ಇನ್ನೊಬ್ಬ ಹೆಂಗಸಿನಿಂದಲ್ಲ, ಸೋರುವಿಕೆಯಿಂದ. ಲೋವೆಲ್ ಅವರ ಈಗಿನ ಹೆಂಡತಿ ಚಾರ್ಮೇನ್ ಅವರು ಬಂದದ್ದು ಆಮೇಲೆ.

ಆದ್ದರಿಂದಲೇ ಕಲಂ ಏಳು ಹುಟ್ಟಿತು: ಸದರಿ ವಾಹನದ ಸೂರಿಗೆ ಯಾವ ಪಕ್ಷಕಾರರೂ ಯಾವ ಕಾರಣಕ್ಕೂ ತೂತು ಕೊರೆಯತಕ್ಕದ್ದಲ್ಲ, ಕೊರೆದವರು ತಮ್ಮ ಅರ್ಧ ವರ್ಷದ ಪಾಲನ್ನು ಕಳೆದುಕೊಳ್ಳತಕ್ಕದ್ದು, ಮತ್ತು ವಾಹನವನ್ನು ಪಡೆದಂತೆಯೇ ಹಿಂದಿರುಗಿಸತಕ್ಕದ್ದು. ಇದನ್ನು ಸೇರಿಸಲೇಬೇಕೆಂದು ಮೇಜು ಗುದ್ದಿದವಳು ಆರ್ಡಿಸ್. ತಾವು ಮರೆತಿರಲಾರಿರಿ, ಚೆಲ್ಲಿದ್ದು ತಮ್ಮ ಕಾಫಿ.

೩. ಬೇಸಿಗೆಯಲ್ಲಿ ಆರ್ಡಿಸ್ ಇರುವುದು ತಂಗಿ ಲವೋನ್‌ಳ ಮಹಡಿಯಲ್ಲಿ. ಲವೋನ್ ಒಳ್ಳೆಯವಳು, ಆದರೆ ಮೆಟ್ಟಿಲು ಹತ್ತಿಬಂದು "ದೀಪ ಆರಿಸಿದ್ಯಾ ಅಕ್ಕಾ" ಎಂದು ಕೇಳುವಂಥ ಒಳ್ಳೆಯವಳು. ಹೀಗಾಗಿ ಆರ್ಡಿಸ್‌ಗೆ ತನ್ನದೆನ್ನುವ ಬಾಗಿಲು ಇರುವುದು ವರ್ಷದಲ್ಲಿ ಆರು ತಿಂಗಳು ಮಾತ್ರ. ಆ ಆರು ತಿಂಗಳನ್ನು ಕರೆಂಟು ಕಂಬವಿರುವ ಬಾಡಿಗೆ ಜಾಗದಲ್ಲಿ ಕಳೆಯಲು ಅವಳಿಗೆ ಮನಸ್ಸಿಲ್ಲ. ಅಲ್ಲಿ ಗಾಡಿಗಳು ಕೋಳಿಗೂಡಿನ ಹಾಗೆ ಒತ್ತಿಕೊಂಡು ನಿಲ್ಲುತ್ತವೆ. ಪಕ್ಕದವರು ಆಕಳಿಸಿದರೆ ಇವಳು ಬಾಯಿ ಮುಚ್ಚಿಕೊಳ್ಳಬೇಕು. ಆದ್ದರಿಂದ ಬಯಲು. ಬಯಲಿನಲ್ಲಿ ಕರೆಂಟಿಲ್ಲ, ಆದ್ದರಿಂದ ಜನರೇಟರು. ನಿಶ್ಶಬ್ದವನ್ನು ಹುಡುಕಿಕೊಂಡು ಅರ್ಧ ದೇಶ ದಾಟಿ ಬಂದವಳು, ಕೆಮ್ಮು ಹತ್ತಿದ ಟ್ರ್ಯಾಕ್ಟರಿನಂಥ ಅದರ ಗೊರಗೊರ ಕೇಳುತ್ತ ಕೂರುವುದಾಯಿತು. ಬಿಸಿಲಂತೂ ಅಲ್ಲಿ ಬೇಡವೆಂದರೂ ಸುರಿಯುತ್ತದೆ. ಆ ಕಾರಣ ಆರ್ಡಿಸ್ ಎರಡು ಸೌರಫಲಕ ತರಿಸಿದಳು.

೪. ಪೆಟ್ಟಿಗೆಯೊಳಗಿದ್ದ ಚಿತ್ರದ ಪ್ರಕಾರ ಫಲಕದ ನಾಲ್ಕೂ ಮೂಲೆಗೆ ಸೂರಿನಲ್ಲಿ ತೂತು ಕೊರೆದು ತಿರುಪು ಬಿಗಿಯಬೇಕಿತ್ತು. ಆರ್ಡಿಸ್ ಆ ಚಿತ್ರವನ್ನು ತಲೆಕೆಳಗಾಗಿಯೂ ಹಿಡಿದು ನೋಡಿದಳು, ತೂತು ಹೋಗಲಿಲ್ಲ. ಕಳ್ಳಿಯ ಆಚೆ ನಿಂತಿದ್ದ ಗಾಡಿಯವರಿಂದ ಡ್ರಿಲ್ ಎರವಲು ತಂದು ಮೇಜಿನ ಮೇಲಿಟ್ಟು, ಅದರ ಮುಂದೆ ಕೂತಳು. ಸೂರು ತಲೆಗಿಂತ ಎತ್ತರದಲ್ಲಿದೆ, ಯಾರು ಹತ್ತಿ ನೋಡುತ್ತಾರೆ ಎಂದು ಒಂದು ಮನಸ್ಸು. ಮೇಜು ಗುದ್ದಿದವಳು ನೀನೇ ಅಲ್ಲವೇ ಎಂದು ಇನ್ನೊಂದು ಮನಸ್ಸು. ಕಾಫಿ ಆರಿತು.

೫. ಅಷ್ಟರಲ್ಲಿ ನಾರ್ಡ್‌ಬಿಯಲ್ಲಿ, ಚರ್ಚು ಮುಗಿದ ಮೇಲಿನ ಕಾಫಿಯ ಹೊತ್ತಿನಲ್ಲಿ, ಲವೋನ್ ಬಾಯಿ ಬಿಟ್ಟಿದ್ದಳು. ಅಕ್ಕ ಸೋಲಾರ್ ತರಿಸಿದ್ದಾಳೆ ಎಂಬ ಸುದ್ದಿ ಕೆರೆಯ ಮೇಲಿನ ಗುಡಿಸಲನ್ನು ಮುಟ್ಟಿತು. ಸೋಲಾರ್ ಎಂದರೆ ತೂತು, ತೂತು ಎಂದರೆ ಕಲಂ ಏಳು, ಕಲಂ ಏಳು ಎಂದರೆ ವಾಹನ ಪೂರ್ತಿ ತನ್ನದು ಎಂದು ಲೋವೆಲ್ ಲೆಕ್ಕ ಹಾಕಿದರು. ನಡುವೆ ಒಮ್ಮೆ ಖುದ್ದಾಗಿ ಅಥವಾ ಪ್ರತಿನಿಧಿಯ ಮೂಲಕ ತಪಾಸಣೆ ಮಾಡಬಹುದೆಂದು ಒಪ್ಪಂದದಲ್ಲಿದೆ. ಮೀನು ಕಚ್ಚುತ್ತಿದ್ದ ಕಾರಣ ಖುದ್ದಾಗಿ ಬರಲು ಅವರಿಗೆ ಬಿಡುವಿರಲಿಲ್ಲ. ಆದ್ದರಿಂದ ಹೆಂಡತಿಯನ್ನು ವಿಮಾನ ಹತ್ತಿಸಿದರು.

೬. ಆರ್ಡಿಸ್ ಡ್ರಿಲ್ಲಿನ ಮುಂದೆ ಕೂತಿದ್ದಾಗಲೇ ಬಾಡಿಗೆ ಕಾರೊಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮಂಡಿಯವರೆಗಿನ ಹಿಮದ ಬೂಟು, ಗಂಟಲವರೆಗಿನ ಕೋಟು ತೊಟ್ಟ ಹೆಂಗಸೊಬ್ಬರು ಇಳಿದರು. ಮುಖ ಬೇಯಿಸಿದ ಬೀಟ್‌ರೂಟ್ ಆಗಿತ್ತು.

"ಆರ್ಡಿಸ್ ಅವರು ನೀವೇ ಅಲ್ವಾ? ನಾನು ಚಾರ್ಮೇನ್. ಲೋವೆಲ್ ಅವರ... ಅಂದ್ರೆ..."

"ಯಾರಂತ ಗೊತ್ತು. ಮದುವೆ ಫೋಟೋ ಪೇಪರ್‌ನಲ್ಲಿ ಬಂದಿತ್ತು. ಮೊದಲು ಕೋಟು ತೆಗೀರಿ, ಇಲ್ಲೇ ಬೆಂದುಹೋದ್ರೆ ನನ್ನ ತಲೆಗೆ ಬರುತ್ತೆ."

"ಸೂರು ನೋಡ್ಬೇಕಿತ್ತು."

"ಏಣಿ ಹಿಂದಿದೆ. ಧಾರಾಳವಾಗಿ ನೋಡಿ."

ಚಾರ್ಮೇನ್ ಹತ್ತಿದರು. ಹತ್ತಿದವರು ಇಳಿಯಲಿಲ್ಲ. ಆರ್ಡಿಸ್ ಪಾತ್ರೆ ತೊಳೆದಳು, ಕಸ ಗುಡಿಸಿದಳು, ಮೇಲೆ ಸದ್ದೇ ಇಲ್ಲ. ಬಿಸಿಲಿಗೆ ತಲೆಸುತ್ತಿ ಬಿದ್ದಿದ್ದರೆ ಏನು ಗತಿ ಎಂದು ಹೆದರಿ ಏಣಿ ಹತ್ತಿ ನೋಡಿದರೆ, ತಪಾಸಣಾಧಿಕಾರಿಗಳು ಕೋಟನ್ನು ತಲೆದಿಂಬು ಮಾಡಿಕೊಂಡು, ಬೂಟು ಕಳಚಿ, ಸೂರಿನ ಮೇಲೆ ಅಂಗಾತ ಮಲಗಿದ್ದರು.

"ಆಯ್ತಾ ತಪಾಸಣೆ?"

"ಸ್ವಲ್ಪ ಬಾಕಿ ಇದೆ," ಎಂದರು ಚಾರ್ಮೇನ್, ಕಣ್ಣು ತೆರೆಯದೆ. "ಅಕ್ಟೋಬರ್‌ನಿಂದ ಮೈಗೆ ಬಿಸಿಲು ತಾಕಿಲ್ಲ ಕಣ್ರೀ."

"ಅವನೆಲ್ಲಿ ಈಗ?"

"ಕೆರೆ ಮೇಲೆ."

"ತೂತು ಕೊರೀತಾ?"

"ಕೊರೀತಾ."

ಮೊದಲು ಯಾರು ನಕ್ಕರೆಂಬುದಕ್ಕೆ ದಾಖಲೆ ಇಲ್ಲ. ಆರ್ಡಿ‌ಸ್‌ಳೂ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಚಾರ್ಮೇನ್ ತಮ್ಮ ಅಜ್ಜಿ ನಾರ್ವೆಯಿಂದ ಹಡಗಿನಲ್ಲಿ ತಂದಿದ್ದ ಕಪಾಟಿನ ಸಂಗತಿ ಹೇಳಿದರು. "ಟಿವಿ ವೈರ್ ಹೋಗ್ಲಿ ಅಂತ ಅದರ ಬೆನ್ನಿಗೆ ತೂತು ಹೊಡೆದ. ನಾನು ಕ್ಲಿನಿಕ್ಕಲ್ಲಿ ಯಾರದೋ ಹಲ್ಲು ಕ್ಲೀನ್ ಮಾಡ್ತಿದ್ದೆ, ಮನೆಗೆ ಬರೋಷ್ಟರಲ್ಲಿ ಮುಗ್ಸಿದ್ದ. ಟಿವಿ ಚೆನ್ನಾಗಿ ಬರ್ತಿದೆ ನೋಡು ಅಂದ." ಆರ್ಡಿಸ್ ತನ್ನ ಛತ್ರಿಯ ಸಂಗತಿ ಹೇಳಿದಳು. ಇವರದಕ್ಕೆ ಅವರದು, ಅವರದಕ್ಕೆ ಇವರದು ಸೇರಿ ಲೋವೆಲ್ ಅವರು ಕೊರೆದ ತೂತುಗಳೆಲ್ಲ ಆ ಮಧ್ಯಾಹ್ನ ಸೂರಿನ ಮೇಲೆ ಬಂದು ಕೂತವು.

೭. ಕೆಳಗಿಳಿದು ಬಂದಾಗ ಚಾರ್ಮೇನ್ ಅವರ ಕಣ್ಣಿಗೆ ಮೇಜಿನ ಮೇಲಿನ ಡ್ರಿಲ್ ಬಿತ್ತು.

"ಇದು ಯಾತಕ್ಕೆ?"

"ಕಾಫಿ ಕದಡೋದಕ್ಕೆ."

ಚಾರ್ಮೇನ್ ಕೂತು ಯೋಚಿಸಿದರು. "ನೋಡಿ ಆರ್ಡಿಸ್ ಅವರೇ. ನೀವು ತೂತು ಕೊರೆದ್ರೆ ನಾನು ಅವನಿಗೆ ಫೋನ್ ಮಾಡಿ ಹೇಳ್ಬೇಕಾಗುತ್ತೆ, ಸುಳ್ಳು ಹೇಳೋಕೆ ನನಗೆ ಬರಲ್ಲ. ಕೊರೀದಿದ್ರೆ ತಪಾಸಣೆ ಮುಗೀತು ಅಂತ ನಾಳೆನೇ ಆ ಚಳಿಗೆ ವಾಪಸ್ ಹೋಗ್ಬೇಕು. ಎರಡೂ ನನಗೆ ಬೇಡ."

"ಮತ್ತೇನು ಮಾಡೋಣ ಅಂತೀರಿ?"

"ಅಂಟಿಸೋಣ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತನ್ನು ಆರ್ಡಿಸ್ ಬದುಕಿನಲ್ಲಿ ಎಷ್ಟೋ ಸಲ ಕೇಳಿದ್ದಳು. ಆ ಕೋಲು ಅಂಗಡಿಯಲ್ಲಿ ಟೇಪಿನ ರೂಪದಲ್ಲಿ ಸಿಗುತ್ತದೆಂದು ತಿಳಿದದ್ದು ಅಂದೇ. "ಗಾಳಿಗೆ ಹಾರಿಹೋದ್ರೆ?" ಎಂದಳು.

"ನಮ್ಮ ಕ್ಲಿನಿಕ್ಕಲ್ಲಿ ಎಂಜಲಿನ ಮಧ್ಯೆ ಹಲ್ಲು ಅಂಟಿಸ್ತಾರೆ ಕಣ್ರೀ. ಜೋಳದ ತೆನೆ ಕಚ್ಚಿದ್ರೂ ಬರಲ್ಲ. ಇದು ಒಣಗಿದ ಸೂರು, ಇದಕ್ಕೇನು ಧಾಡಿ. ಆದ್ರೆ ಒಂದು ಮಾತು. ಅಂಟು ಹಿಡಿಯೋದು ಅಂಟಿನಿಂದಲ್ಲ, ಚೊಕ್ಕಟದಿಂದ."

೮. ಕಾಮಗಾರಿಯ ವಿವರ: ಸೂರು ತೊಳೆಯಲಾಯಿತು. ಒಣಗಿದ ಮೇಲೆ ಸ್ಪಿರಿಟ್ಟಿನಿಂದ ಒರೆಸಲಾಯಿತು. ಚಾರ್ಮೇನ್ ಅವರಿಗೆ ಸಮಾಧಾನವಾಗದೆ ಇನ್ನೊಮ್ಮೆ ಒರೆಸಲಾಯಿತು. ಆರ್ಡಿಸ್ ಮರೆತು ಬೆರಳಿಟ್ಟಳಾದ ಕಾರಣ ಮತ್ತೊಮ್ಮೆ ಒರೆಸಲಾಯಿತು. "ಬಾಯಿ ಮುಚ್ಚಬೇಡಿ, ಕೈ ಹಾಕಬೇಡಿ" ಎಂದು ಚಾರ್ಮೇನ್ ರೂಢಿಬಲದಿಂದ ಗದರಿಸಿದರು. ಫಲಕದ ಮೂಲೆಮೂಲೆಗೂ ಪ್ಲಾಸ್ಟಿಕ್ಕಿನ ಕಾಲು ಬಿಗಿದು, ಕಾಲಿನಡಿ ಎರಡೂ ಮಗ್ಗುಲು ಅಂಟುವ ದಪ್ಪ ಟೇಪು ಹಾಕಿ, ಸೂರಿಗೆ ಒತ್ತಿ, ಸುತ್ತಲೂ ಅಂಟುಮೇಣದ ಕಟ್ಟೆ ಕಟ್ಟಲಾಯಿತು. ಅಡಿಯಲ್ಲಿ ಗಾಳಿಯಾಡಲು ಸಂದು ಬಿಡಲಾಯಿತು. ವೈರನ್ನು ಫ್ರಿಜ್ಜಿನ ಬಿಸಿಗಾಳಿ ಹೋಗಲೆಂದು ಮೊದಲೇ ಇದ್ದ ಗಂಡಿಯಿಂದ ಒಳಗೆ ಇಳಿಬಿಡಲಾಯಿತು. ಹೀಗೆ ತೂತುಗಳ ಸಂಖ್ಯೆ: ಸೊನ್ನೆ.

"ಆ ಡಬ್ಬಿ ಕೊಡೇ, ಸಾಕು ಮೆತ್ತಿದ್ದು," ಎಂದಳು ಆರ್ಡಿಸ್.

"ತಡಿಯೇ ಮಾರಾಯ್ತಿ, ಇಲ್ಲೊಂದು ಗುಳ್ಳೆ ಇದೆ," ಎಂದಳು ಚಾರ್ಮೇನ್.

ಈ ಹಂತದಲ್ಲಿ ಪಕ್ಷಕಾರರಿಬ್ಬರೂ ಬಹುವಚನವನ್ನು ಕೈಬಿಟ್ಟರೆಂದು ದಾಖಲಿಸಲಾಗಿದೆ. ಈ ಅರ್ಜಿಯೂ ಇಲ್ಲಿಂದ ಮುಂದೆ ಕೈಬಿಟ್ಟಿದೆ.

ಅಂಟು ಗಟ್ಟಿಯಾದ ಮೇಲೆ ಜನರೇಟರು ಆರಿಸಿದರು. ಒಳಗೆ ಫ್ಯಾನು ತಿರುಗಿತು, ನಲ್ಲಿಯಲ್ಲಿ ನೀರು ಬಂತು, ರೇಡಿಯೋ ಹಾಡಿತು. ಆರ್ಡಿಸ್ ರೇಡಿಯೋವನ್ನೂ ಆರಿಸಿದಳು. ಕಳ್ಳಿಯಲ್ಲಿ ಯಾವುದೋ ಹಕ್ಕಿ ಗೂಡು ಕುಕ್ಕುತ್ತಿತ್ತು. ಅಷ್ಟು ದಿನ ಅದು ಅಲ್ಲಿಯೇ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ.

೯. ನಿಂತಲ್ಲಿ ಹಿಡಿದದ್ದು ಓಡುವಾಗ ಹಿಡಿಯುವುದೇ ಎಂಬ ಪ್ರಶ್ನೆ ಉಳಿದಿತ್ತು. ಆದ್ದರಿಂದ ಆರ್ಡಿಸ್ ಸದರಿ ವಾಹನವನ್ನು ಹೆದ್ದಾರಿಗೆ ಇಳಿಸಿದಳು. ಚಾರ್ಮೇನ್ ಬಾಡಿಗೆ ಕಾರಿನಲ್ಲಿ ಹಿಂದೆ ಬಂದಳು. ಇಬ್ಬರ ಫೋನೂ ಕಿವಿಗೆ ಸಿಕ್ಕಿಸಿತ್ತು.

"ಅಲ್ಲಾಡ್ತಿದೆಯೇನೇ?"

"ಇಲ್ಲ ಕಣೇ, ಬಂಡೆ ಥರ ಕೂತಿದೆ. ಇನ್ನೂ ಜೋರಾಗಿ ಬಿಡು."

"ಇದಕ್ಕಿಂತ ಜೋರಾಗಿ ಬಿಟ್ರೆ ಸೌಟು ಚಾಕು ಎಲ್ಲಾ ನನ್ನ ಬೆನ್ನಿಗೆ ಬರ್ತವೆ."

"ಬರ್ಲಿ ಬಿಡು. ಏರು ಬಂತು, ಎದುರುಗಾಳಿ ಇದೆ, ಈಗ ಗೊತ್ತಾಗುತ್ತೆ. ಆರ್ಡಿಸ್... ಏನೋ ಹಾರ್ತು."

ಆರ್ಡಿಸ್ ಬ್ರೇಕ್ ಒತ್ತಿದಳು. ಫಲಕ ಹಾರಿ ಹಿಂದಿನವಳ ಗಾಜಿಗೆ ಬಡಿದಿದ್ದರೆ. "ಚಾರ್ಮೇನ್. ಮಾತಾಡೇ. ಪ್ಯಾನೆಲ್ಲಾ?"

ಫೋನಿನಲ್ಲಿ ಗಾಜು ಒರೆಸುವ ಕಡ್ಡಿಯ ಕಿರಕಿರ ಮಾತ್ರ ಕೇಳಿತು. ಆಮೇಲೆ ದನಿ ಬಂತು.

"ಮಧ್ಯಾಹ್ನ ಊಟ ಮೇಲೆ ಕೂತು ಮಾಡಿದ್ವಲ್ಲ. ಆ ಆಲೂಗಡ್ಡೆ ಹಾಟ್‌ಡಿಷ್ ತಟ್ಟೆ ಕೆಳಗೆ ತಂದ್ಯಾ?"

"ನೀನು ತಂದಿದ್ದೀಯ ಅಂದ್ಕೊಂಡೆ."

"ಈಗ ತಂದಿದ್ದೀನಿ. ನನ್ನ ಗಾಜಿನ ಮೇಲಿದೆ."

ಹೆದ್ದಾರಿ ಪೊಲೀಸರೊಬ್ಬರು ಬಂದಾಗ ಇಬ್ಬರು ಹೆಂಗಸರು ರಸ್ತೆಯ ಬದಿಯಲ್ಲಿ ಕೂತು, ಆಲೂಗಡ್ಡೆ ಬಟಾಣಿ ಬಳಿದ ಕಾರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡಿದ್ದರು. ಪ್ರಶ್ನೆಗೆ ಉತ್ತರ ಹೇಳಲು ಇಬ್ಬರಿಗೂ ಉಸಿರಿರಲಿಲ್ಲ. ಅವರು ಎಚ್ಚರಿಕೆ ಕೊಟ್ಟು ಹೊರಟರು. ಯಾವ ಬಾಬ್ತು ಎಚ್ಚರಿಕೆಯೆಂದು ತಿಳಿಸಲಿಲ್ಲ. ಅಂಟಿಸಿದ್ದು ಹಾರುವುದಿಲ್ಲ, ಅಂಟಿಸದೆ ಬಿಟ್ಟದ್ದು ಹಾರುತ್ತದೆ ಎಂಬುದು ಈ ಪರೀಕ್ಷೆಯಿಂದ ರುಜುವಾತಾಯಿತು.

೧೦. ಚಾರ್ಮೇನ್ ಕೆರೆಗೆ ಫೋನು ಮಾಡಿ ವರದಿ ಒಪ್ಪಿಸಿದಳು.

"ತೂತು?" ಎಂದರು ಲೋವೆಲ್.

"ಒಂದೂ ಇಲ್ಲ."

"ಸರಿಯಾಗಿ ನೋಡಿದ್ಯಾ? ಅವಳು ಗಟ್ಟಿಗಿತ್ತಿ."

"ಮಲಗಿ ನೋಡಿದ್ದೀನಿ ಲೋವೆಲ್."

"ಹಾಗಾದ್ರೆ ಹೊರಟು ಬಾ."

"ಇನ್ನೂ ಸ್ವಲ್ಪ ದಿನ ನೋಡ್ತೀನಿ. ತೂತು ಬೀಳೋಕೂ ಟೈಮ್ ಬೇಕಲ್ಲ."

ತಪಾಸಣೆಯನ್ನು ಮೊದಲು ಒಂದು ವಾರ, ಆಮೇಲೆ ಇನ್ನೊಂದು ವಾರ, ಕೊನೆಗೆ ಮುಂದಿನ ಆದೇಶದವರೆಗೆ ವಿಸ್ತರಿಸಲಾಯಿತು. ಎರಡು ಜಡೆ ಒಂದು ಸೂರಿನಡಿ ಕೂಡುವುದಿಲ್ಲ ಎನ್ನುವವರು ಆ ಚಳಿಗಾಲ ಬಂದು ನೋಡಬೇಕಿತ್ತು. ಒಬ್ಬಳು ಲೆಫ್ಸೆ ರೊಟ್ಟಿ ಲಟ್ಟಿಸಿದರೆ ಇನ್ನೊಬ್ಬಳು ಬೇಯಿಸಿದಳು. ಇಸ್ಪೀಟಿನಲ್ಲಿ ಇಬ್ಬರೂ ಮೋಸ ಮಾಡಿದರು. ಲವೋನ್ ಫೋನು ಮಾಡಿ "ಯಾರೇ ಅದು ನಗ್ತಿರೋದು" ಎಂದರೆ "ನನ್ನ ಸವತಿ" ಎಂದು ಆರ್ಡಿಸ್ ಹೇಳಿ ಇಟ್ಟುಬಿಡುತ್ತಿದ್ದಳು.

೧೧. ಏಪ್ರಿಲಿನಲ್ಲಿ ಹಸ್ತಾಂತರ. ಲೋವೆಲ್ ಅವರ ಅಂಗಳದಲ್ಲಿ ಹಿಮ ಕರಗಿ ಕೆಸರಾಗಿತ್ತು. ಲೋವೆಲ್ ಭೂತಗನ್ನಡಿ ಹಿಡಿದು ಸೂರು ಹತ್ತಿ, ಮಂಡಿಯೂರಿ, ಮೂಲೆಯಿಂದ ಮೂಲೆಗೆ ತೆವಳಿದರು.

"ತಿರುಪು ಎಲ್ಲಿ?"

"ಇಲ್ಲ," ಎಂದಳು ಆರ್ಡಿಸ್ ಕೆಳಗಿನಿಂದ.

"ವೈರು ಒಳಗೆ ಹೇಗೆ ಹೋಯ್ತು?"

"ಫ್ರಿಜ್ಜಿನ ಗಂಡಿಯಿಂದ."

ಗಾಳಕ್ಕೆ ಕಚ್ಚಿದ ಮೀನು ದಡಕ್ಕೆ ಬರುವಷ್ಟರಲ್ಲಿ ಜಾರಿದಾಗ ಆಗುವಂಥ ಮುಖ ಅವರದಾಯಿತು. ಆದರೆ ಅವರು ಒಪ್ಪಂದವನ್ನು ಪೂರ್ತಿ ಓದಿಕೊಂಡಿದ್ದರು. "ಪಡೆದಂತೆಯೇ ಹಿಂದಿರುಗಿಸತಕ್ಕದ್ದು ಅಂತಿದೆ. ಅಕ್ಟೋಬರ್‌ನಲ್ಲಿ ಇವು ಇರ್ಲಿಲ್ಲ. ತೆಗೀರಿ ಇವನ್ನ."

ತೂತಿನ ಮೇಲೆಯೇ ಕಣ್ಣಿಟ್ಟಿದ್ದ ಆರ್ಡಿಸ್ ಆ ಸಾಲನ್ನು ಮರೆತಿದ್ದಳು. ಚಾಕು ಹಾಕಿ ಎತ್ತಿದರು, ಚಾಕು ಬಾಗಿತು. ಟೇಪಿನಡಿ ಗಾಳದ ದಾರ ತೂರಿಸಿ ಅತ್ತ ಒಬ್ಬರು ಇತ್ತ ಒಬ್ಬರು ಗರಗಸದಂತೆ ಎಳೆದರು, ದಾರ ತುಂಡಾಯಿತು. "ಹಂದಿಯಂಥ ಪೈಕ್ ಮೀನು ಎಳೆದ ದಾರ ಇದು," ಎಂದು ಲೋವೆಲ್ ತುಂಡನ್ನು ಹಿಡಿದು ನೋಡಿದರು. "ಏನು ಹಾಕಿ ಅಂಟಿಸಿದ್ದೀರಿ?"

"ಚೊಕ್ಕಟ," ಎಂದಳು ಚಾರ್ಮೇನ್.

ಕೊನೆಗೆ ಲೋವೆಲ್ ಫಲಕದ ಚೌಕಟ್ಟಿಗೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ತಮ್ಮ ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆದರು. ಸದರಿ ವಾಹನದ ಬ್ರೇಕ್ ಹಾಕಿರಲಿಲ್ಲವೆಂದು ತಿಳಿದದ್ದು ಆಮೇಲೆ. ಫಲಕ ಕದಲಲಿಲ್ಲ. ಮನೆ ಹೊರಟಿತು. ಹಸುವಿನ ಹಿಂದೆ ಕರು ಹೋದ ಹಾಗೆ ಟ್ರಕ್ಕಿನ ಹಿಂದೆ ಅಂಗಳ ದಾಟಿ, ಅಂಚೆಪೆಟ್ಟಿಗೆಯನ್ನು ಮಲಗಿಸಿ, ಗೇಟಿನವರೆಗೆ ಹೋಯಿತು.

"ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀ?" ಎಂದು ಚಾರ್ಮೇನ್ ಕೂಗಿದಳು.

೧೨. ಮನುಷ್ಯನಿಗೆ ದಾರಿ ಕಾಣದಾದಾಗ ಕೈ ತನಗೆ ಗೊತ್ತಿರುವ ಕಡೆಗೇ ಹೋಗುತ್ತದೆ. ಲೋವೆಲ್ ಶೆಡ್ಡಿಗೆ ಹೋಗಿ ಡ್ರಿಲ್ ತಂದರು.

"ಬೇಡ ಲೋವೆಲ್," ಎಂದಳು ಆರ್ಡಿಸ್.

"ಈ ಪ್ಲಾಸ್ಟಿಕ್ ಕಾಲು ಮಾತ್ರ ಕೊರೆದು ತೆಗೀತೀನಿ. ಸೂರು ಮುಟ್ಟಲ್ಲ."

ಹೇಳಿ ಪ್ರಯೋಜನವಿಲ್ಲವೆಂದು ಇಬ್ಬರೂ ಒಳಗೆ ಹೋಗಿ ಕಾಫಿ ಮಾಡಿಕೊಂಡು ಮೇಜಿಗೆ ಕೂತರು. ತಲೆಯ ಮೇಲೆ ಗುಂಯ್ ಎಂಬ ಸದ್ದು ಎದ್ದಿತು. ಚಾರ್ಮೇನ್ ಲೆಫ್ಸೆಗೆ ಬೆಣ್ಣೆ ಸವರಿದಳು. ಬೆಣ್ಣೆಯ ಮೇಲೆ ಬಿಳಿಯ ಪುಡಿ ಉದುರಿತು. ಇಬ್ಬರೂ ತಲೆಯೆತ್ತಿದರು. ಇಬ್ಬರ ನಡುವೆ, ಹೂಜಿಯ ನೇರಕ್ಕೆ, ಸೂರಿನಿಂದ ಡ್ರಿಲ್ಲಿನ ಮೊನೆ ತಿರುಗುತ್ತ ಇಳಿದು ಬಂತು. ಏನೋ ಅನುಮಾನ ಬಂದ ಹಾಗೆ ನಿಂತಿತು. ನಿಧಾನವಾಗಿ ಹಿಂದೆ ಸರಿಯಿತು. ಅದು ಹೋದ ಜಾಗದಲ್ಲಿ ಗುಂಡಿಯಷ್ಟು ಆಕಾಶ ಕಂಡಿತು. ಆಮೇಲೆ ಆಕಾಶ ಮರೆಯಾಗಿ ಲೋವೆಲ್ ಅವರ ಒಂದು ಕಣ್ಣು ಕಂಡಿತು.

"ಆರ್ಡಿಸ್," ಎಂದಿತು ಕಣ್ಣು. "ಸಣ್ಣ ತೂತು."

ಸಂಸಾರದುದ್ದಕ್ಕೂ ಪ್ರತಿಯೊಂದು ತೂತಿಗೂ ಅವರು ಹೇಳುತ್ತಿದ್ದ ಮಾತು ಅದೇ. ಆರ್ಡಿಸ್ ತನ್ನ ಹಳೆಯ ಕೋಪ ಎದ್ದು ಬರಲೆಂದು ಕಾದಳು. ಬರಲಿಲ್ಲ. ನಗು ಬಂತು. ಮೇಜಿಗೆ ಹಣೆ ಒತ್ತಿಕೊಂಡು, ಭುಜ ಕುಲುಕಿ, ಕಣ್ಣಲ್ಲಿ ನೀರು ಸುರಿದು, ಮೈಯೆಲ್ಲ ಹಗುರವಾಗುವವರೆಗೆ ನಕ್ಕಳು. (ಇದು ಭಾವನೆಯಾಗಿರುವುದರಿಂದ ತಾವು ಹೊಡೆದುಹಾಕಬಹುದು.)

೧೩. ಮೊದಲು ನಗು ನಿಲ್ಲಿಸಿದವಳು ಚಾರ್ಮೇನ್. "ಕಲಂ ಏಳು," ಎಂದಳು. "ಕೊರೆದವನು ಅವನು. ಅವನ ಪಾಲು ಹೋಯ್ತು. ಇನ್ನು ವರ್ಷ ಪೂರ್ತಿ ಇದು ನಿಂದೇ. ಒಳ್ಳೇದಾಯ್ತು ಬಿಡು, ನಿನಗೊಂದು ಬಾಗಿಲಾಯ್ತು." ಮತ್ಸರವಿಲ್ಲದೆ ಹೇಳಿದಳು, ಆದರೆ ಆಗಲೇ ಒರೆಸಿದ್ದ ಮೇಜನ್ನು ಮತ್ತೆ ಒರೆಸುತ್ತಿದ್ದಳು. ಗಂಡನ ಪಾಲು ಹೋದರೆ ಅವಳಿಗೆ ಈ ವಾಹನದ ಮೆಟ್ಟಿಲು ಹತ್ತುವ ಹಕ್ಕೂ ಇರಲಿಲ್ಲ. ಆರ್ಡಿಸ್ ಇಷ್ಟು ವರ್ಷ ಬೇಕೆಂದದ್ದು ಕೈಗೆ ಬಂದಿತ್ತು, ಅರೆಬೆಂದ ರೊಟ್ಟಿಯ ಹಾಗೆ ಎದೆಯಲ್ಲಿ ಕೂತಿತ್ತು. ಮೇಲಿನಿಂದ ಲೋವೆಲ್, ಫಲಕ ಕಿತ್ತು ಬರುತ್ತಿಲ್ಲವೆಂದು, ತಮಗೆ ಫೋನಿನಲ್ಲಿ ದೂರುತ್ತಿದ್ದದ್ದು ಆ ತೂತಿನ ಮೂಲಕ ಸ್ಪಷ್ಟವಾಗಿ ಕೇಳುತ್ತಿತ್ತು.

೧೪. ಮಾರನೆಯ ಬೆಳಿಗ್ಗೆ ಮಳೆ ಹಿಡಿಯಿತು. ಲೋವೆಲ್ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು.

"ಚಾರ್ಮೇನ್, ಆ ಅಂಟು ಹೇಗೆ ಹಚ್ಚೋದು ತೋರ್ಸು."

"ಒದ್ದೆಗೆ ಹಿಡಿಯಲ್ಲ. ಮಳೆ ನಿಂತು ಒಣಗಬೇಕು."

"ಅಲ್ಲೀವರೆಗೆ?"

ಇಬ್ಬರೂ ತಲೆಯೆತ್ತಿ ತೂತನ್ನು ನೋಡಿದರು. ಲೋವೆಲ್ ಏಣಿ ಹತ್ತಿ ಹೋಗಿ, ಮೀನು ಹಿಡಿಯುವಾಗ ಹಾಕುವ ರಬ್ಬರಿನ ಕೋಟು ತೊಟ್ಟು, ತೂತಿನ ಮೇಲೆ ತಾವೇ ಕುಳಿತರು. ಮಳೆ ನಿಲ್ಲುವವರೆಗೆ ಕುಳಿತೇ ಇದ್ದರು. ಅಷ್ಟು ಹೊತ್ತು ಕದಲದೆ ಕೂರುವುದನ್ನು ಕೆರೆ ಅವರಿಗೆ ಕಲಿಸಿತ್ತು. ಕೆಳಗೆ ಆರ್ಡಿಸ್ ಪ್ಯಾನ್‌ಕೇಕ್ ಹುಯ್ದಳು. ಒಂದು ಹನಿಯೂ ಬೀಳಲಿಲ್ಲ. ಮೊದಲನೆಯದನ್ನು ತಟ್ಟೆಗೆ ಹಾಕಿ ಚಾರ್ಮೇನ್ ಏಣಿಯ ಮೇಲೆ ಕೊಟ್ಟುಬಂದಳು.

ಬಿಸಿಲು ಬಂದ ಮೇಲೆ ಲೋವೆಲ್ ಸ್ಪಿರಿಟ್ಟಿನಿಂದ ಒರೆಸಿದರು. ಚಾರ್ಮೇನ್ ಬೆರಳಾಡಿಸಿ ನೋಡಿ "ಕೊಳೆ ಇದೆ" ಎಂದಳು. ಮತ್ತೆ ಒರೆಸಿದರು. "ಇನ್ನೂ ಇದೆ" ಎಂದಳು. ಏನೂ ಇರಲಿಲ್ಲ. ಕೊನೆಗೆ ಫೈಬರಿನ ತೇಪೆಯೊಂದನ್ನು ಅಂಟಿಸಿ, ಅಂಗೈಯಿಂದ ಒತ್ತಿ ಹಿಡಿದು, ಡ್ರಿಲ್ ಇಲ್ಲದೆಯೂ ವಸ್ತುಗಳು ನಿಲ್ಲುತ್ತವೆಯಲ್ಲ ಎಂದು ಬೆರಗಾದವರ ಹಾಗೆ ನೋಡಿದರು. ಅಲ್ಲಿಂದಲೇ ತಮಗೆ ಫೋನು ಮಾಡಿ ದೂರನ್ನು ಹಿಂತೆಗೆದುಕೊಂಡರು. ಇಳಿದು ಬಂದು ಹೇಳಿದ್ದು ಇಷ್ಟು: "ಕೆರೆ ಮೇಲೆ ನನಗೆ ಬೇಕಾದಷ್ಟು ತೂತಿದೆ. ಸೂರು ನೀವಿಬ್ರೇ ಇಟ್ಕೊಳ್ಳಿ."

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ದಯವಿಟ್ಟು:

(ಅ) ಲೋವೆಲ್ ಅವರು ಕಳೆದುಕೊಂಡ ಪಾಲನ್ನು ಆರ್ಡಿಸ್‌ಗೆ ಕೊಡದೆ ಚಾರ್ಮೇನ್ ಹೆಸರಿಗೆ ಬರೆಯುವುದು. ಇಬ್ಬರೂ ತಮ್ಮ ತಮ್ಮ ಆರು ತಿಂಗಳಿಗೆ ಇನ್ನೊಬ್ಬಳನ್ನು ಕರೆದಿರುವ ಕಾರಣ, ವರ್ಷವನ್ನು ಸೀಳಿದ ಗೆರೆಯನ್ನು ಅಳಿಸುವುದು.

(ಆ) ಬೇಸಿಗೆಯಲ್ಲಿ ಸದರಿ ವಾಹನವು ಚಾರ್ಮೇನ್‌ಳ ಅಂಗಳದಲ್ಲಿ, ಸೇಬಿನ ಮರದ ಪಕ್ಕ ನಿಲ್ಲತಕ್ಕದ್ದು, ಆರ್ಡಿಸ್ ಅದರಲ್ಲಿ ವಾಸಿಸತಕ್ಕದ್ದು ಎಂದು ನಮೂದಿಸುವುದು. ಮರದ ನೆರಳು ಫಲಕಕ್ಕೆ ಬೀಳದಂತೆ ಕೊಂಬೆ ಕಡಿದುಕೊಡಲು ಲೋವೆಲ್ ಒಪ್ಪಿದ್ದಾರೆ. ಗರಗಸದಿಂದ.

(ಇ) ಲೋವೆಲ್ ಅವರನ್ನು ಅತಿಥಿಯೆಂದು ಪರಿಗಣಿಸುವುದು. ಬರುವಾಗ ಮೀನು ತರಬಹುದು. ಬೇರೆ ಏನನ್ನೂ ತರತಕ್ಕದ್ದಲ್ಲ.

ಸೋರದ ನಂಬಿಕೆಯೊಂದಿಗೆ,

ತಮ್ಮ ವಿಶ್ವಾಸಿ,
ಆರ್ಡಿಸ್ ಟೊಲೆಫ್ಸನ್

ಓದಿ ಕೇಳಿದ್ದೇನೆ, ಹಾಟ್‌ಡಿಷ್ ತಟ್ಟೆ ತರಬೇಕಿದ್ದವಳು ಅವಳೇ, ಉಳಿದದ್ದು ಸರಿ: ಚಾರ್ಮೇನ್.
ಆಕ್ಷೇಪಣೆ ಇಲ್ಲ: ಲೋವೆಲ್.

ಲಗತ್ತುಗಳು:
೧. ಸೂರಿನ ಮೇಲ್ಭಾಗದ ಫೋಟೋ, ತೂತಿಲ್ಲದ್ದು.
೨. ಸೂರಿನ ಒಳಭಾಗದ ಫೋಟೋ, ಕಣ್ಣಿನ ಸಮೇತ.
೩. ಲೋವೆಲ್ ಅವರ ಡ್ರಿಲ್ಲಿನ ಮೊನೆ, ಅಸಲು, ಸ್ವಇಚ್ಛೆಯಿಂದ ಒಪ್ಪಿಸಿದ್ದು.
೪. ಲೆಫ್ಸೆ, ಬೆಣ್ಣೆ ಸವರಿ ಮಡಚಿದ್ದು. ಇದನ್ನು ಕಡತಕ್ಕೆ ಸೇರಿಸಬಾರದಾಗಿ ವಿನಂತಿ.

ವಿಶೇಷ ಸೂಚನೆ: ತಿದ್ದುಪಡಿಗೆ ಮುನ್ನ ಸ್ಥಳ ತನಿಖೆ ಕಡ್ಡಾಯವೆಂದು ತಿಳಿದುಬಂದಿದೆ. ತನಿಖೆಯನ್ನು ಜನವರಿಯಲ್ಲಿ, ಅರಿಜೋನಾದಲ್ಲಿ, ತಾವು ಖುದ್ದಾಗಿ ನಡೆಸಬೇಕಾಗಿ ಕೋರಲಾಗಿದೆ. ಊಟದ ಮೇಜನ್ನು ಇಳಿಸಿದರೆ ಮೂರನೆಯ ಹಾಸಿಗೆಯಾಗುತ್ತದೆ. ದಿಂಬು ತಾವೇ ತರತಕ್ಕದ್ದು.